ಐರಣಿ: ಹೊಳೆದಂಡೆಯಲ್ಲೊಂದು ಅಂಗೈ ಅಖಾಡ

ರಾಣೆಬೆನ್ನೂರಿನಿಂದ ಐರಣಿಯತ್ತ ಹೊರಟರೆ ಊರು ಮುಗಿಯುತ್ತಲೇ ಹೊಲಗಳು ಎರಡೂ ಬದಿಗೆ ಹರಡಿಕೊಳ್ಳುತ್ತವೆ. ಮಳೆಗಾಲದಲ್ಲಿ ಎಲ್ಲಿ ನೋಡಿದರೂ ಗೋವಿನಜೋಳ. ಅದರ ನಡುನಡುವೆ ಹತ್ತಿ, ಮತ್ತೆ ಅಲ್ಲಲ್ಲಿ ಬೀಜದ ಕಂಪನಿಗಳಿಗಾಗಿ ಬೆಳೆಸುವ ಹೊಲಗಳು. ಈ ತಾಲ್ಲೂಕಿಗೆ ಬೀಜೋತ್ಪಾದನೆಯಿಂದಲೇ ಒಂದು ಹೆಸರಿದೆ. ಒಂದೊಂದು ಹೂವನ್ನೂ ಕೈಯಿಂದ ಬಿಡಿಸಿ ಪರಾಗ ಮುಟ್ಟಿಸುವ ಈ ಕೆಲಸ ಬಹು ತಾಳ್ಮೆಯದು. ಬೆಳಗಿನ ಹೊತ್ತು ಹೆಣ್ಣುಮಕ್ಕಳು ಸಾಲು ಹಿಡಿದು ನಿಂತು ಹೂವು ಹೂವಿಗೂ ಬೆರಳು ತಾಗಿಸುವುದನ್ನು ನೋಡಿದರೆ, ಬೆರಳಿನ ತುದಿಯಲ್ಲೂ ಒಂದು ವಿದ್ಯೆ ಇರುತ್ತದೆಂಬುದು ಮನವರಿಕೆಯಾಗುತ್ತದೆ.

ಐರಣಿ ತುಂಗಭದ್ರೆಯ ದಂಡೆಯ ಊರು. ಹೊಳೆಯ ಈಚೆ ಹಾವೇರಿ ಜಿಲ್ಲೆ, ಆಚೆ ದಾವಣಗೆರೆ ಜಿಲ್ಲೆ. 1997ರವರೆಗೆ ಈಚೆಯದು ಧಾರವಾಡ ಜಿಲ್ಲೆಯಾಗಿತ್ತು. ಅದಕ್ಕೂ ಹಿಂದೆ, ರಾಜ್ಯಗಳ ಏಕೀಕರಣಕ್ಕೆ ಮೊದಲು, ಈ ದಂಡೆ ಮುಂಬಯಿ ಪ್ರಾಂತಕ್ಕೂ ಆ ದಂಡೆ ಮೈಸೂರಿಗೂ ಸೇರಿದ್ದವು. ಹೊಳೆ ಎಂದರೆ ಇಲ್ಲಿಯವರಿಗೆ ನೀರು ಮಾತ್ರವಲ್ಲ, ಗಡಿಯೂ ಹೌದು. ಗಡಿಯೆಂದ ಮೇಲೆ ದಂಡು ಬಾರದೆ ಇರುತ್ತದೆಯೇ? 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿಕೊಂಡು ಇಂಗ್ಲಿಷರ ಕರ್ನಲ್ ವೆಲ್ಲೆಸ್ಲಿ ತುಂಗಭದ್ರೆ ದಾಟಿ ಈ ಸೀಮೆಗೆ ಬಂದ. ಆ ವರ್ಷ ಜೂನ್ 27ರಂದು ರಾಣೆಬೆನ್ನೂರಿನ ಕೋಟೆ ಅವನ ವಶವಾಯಿತು. ಮುಂದೆ 1815ರಲ್ಲಿ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಈತನೇ. ಪಠ್ಯಪುಸ್ತಕದಲ್ಲಿ ವಾಟರ್ಲೂ ಓದುವ ನಮ್ಮ ಮಕ್ಕಳಿಗೆ ಅವನು ತಮ್ಮ ಊರ ಹೊಳೆಯನ್ನೂ ದಾಟಿದ್ದನೆಂದು ಹೇಳುವವರು ಕಡಿಮೆ.

ಐರಣಿಯ ಹೆಸರು ಸುತ್ತಲ ಸೀಮೆಗೆ ಗೊತ್ತಿರುವುದು ಹೊಳೆಮಠದಿಂದ. ಮುಪ್ಪಿನಾರ್ಯರ ಈ ಮಠಕ್ಕೆ ನಡೆದುಕೊಳ್ಳುವ ಭಕ್ತರು ದೂರದೂರುಗಳಲ್ಲಿದ್ದಾರೆ. ಊರಿನಲ್ಲಿ ಹಳೆಯ ಕೋಟೆಯ ಗುರುತುಗಳೂ ಇವೆ. ಕೋಟೆ, ಮಠ, ಹೊಳೆ ಈ ಮೂರನ್ನು ನೋಡಿಕೊಂಡು ಹಿಂತಿರುಗುವುದು ಸಾಮಾನ್ಯ ಪ್ರವಾಸಿಗರ ಕ್ರಮ. ನಾನು ಹುಡುಕಿಕೊಂಡು ಹೋದದ್ದು ನಾಲ್ಕನೆಯದೊಂದನ್ನು.

ನಾಲ್ವರು ಹುಡುಗರು

ಇಳಿಹೊತ್ತು. ಎತ್ತರದ ಜಾಗದಲ್ಲಿ ಒಂದು ಬೇವಿನ ಮರದ ಕೆಳಗೆ ನಾಲ್ವರು ಹುಡುಗರು ಸಾಲಾಗಿ ಕುಳಿತಿದ್ದರು. ನಾಲ್ವರ ಕೈಯಲ್ಲೂ ಅಡ್ಡ ಹಿಡಿದ ಮೊಬೈಲು, ಕಿವಿಯಲ್ಲಿ ವೈರು. ಒಬ್ಬನ ಬಾಯಿಂದ ಮಾತ್ರ ತಡೆಯಿಲ್ಲದೆ ಸೂಚನೆಗಳು: "ಎಡಕ್ ಬಾ, ಮನೀ ಹಿಂದ ಅದಾನ… ನೀ ನಿಂದ್ರು, ನೀ ನಿಂದ್ರು… ಈಗ ಹೋಗ್!" ದಾರಿಹೋಕರಿಗೆ ಇದು ಹುಡುಗರ ಹುಚ್ಚು. ನೋಡುತ್ತಾ ನಿಂತರೆ ಅದರೊಳಗೂ ಒಂದು ಶಿಸ್ತು ಕಾಣುತ್ತದೆ. ಸೂಚನೆ ಕೊಡುವವನು ನಾಯಕ. ಒಬ್ಬ ಮುಂದೆ ನುಗ್ಗುವವನು, ಒಬ್ಬ ಅವನಿಗೆ ಬೆಂಬಲ, ಇನ್ನೊಬ್ಬ ದೂರದಿಂದ ಕಾಯುವವನು.

ನಾಯಕ ರಾಣೆಬೆನ್ನೂರಿನಲ್ಲಿ ಪಿಯುಸಿ ಎರಡನೆಯ ವರ್ಷದವನು. ಇಬ್ಬರು ಡಿಗ್ರಿ ಓದುತ್ತಾರೆ. ಮತ್ತೊಬ್ಬ ಓದು ಬಿಟ್ಟು ಅಪ್ಪನ ಜತೆ ಹೊಲ ನೋಡಿಕೊಳ್ಳುತ್ತಾನೆ. ಈ ಮರದ ಕೆಳಗೇ ಯಾಕೆ ಕುಳಿತಿರಿ ಎಂದು ಕೇಳಿದೆ. "ಇಲ್ಲೆ ಸಿಗ್ನಲ್ ಚಲೋ ಸಿಗ್ತದ್ರಿ ಅಣ್ಣಾರ, ಪಿಂಗ್ ಕಡಿಮಿ ಬರ್ತದ" ಎಂದರು. ಬೆರಳು ಒತ್ತಿದ ಸುದ್ದಿ ದೂರದ ಸರ್ವರನ್ನು ಮುಟ್ಟಿ ಮರಳಿ ಬರಲು ಹಿಡಿಯುವ ಕಾಲಕ್ಕೆ ಪಿಂಗ್ ಎನ್ನುತ್ತಾರೆ. ಅದು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿರುತ್ತದೆ. ಪಟ್ಟಣದ ಹುಡುಗನಿಗಿಂತ ಹಳ್ಳಿಯ ಹುಡುಗನ ಸುದ್ದಿ ಒಂದಿಷ್ಟು ತಡವಾಗಿ ಮುಟ್ಟಿದರೆ, ಅವನು ಗುರಿ ಇಟ್ಟರೂ ಗುಂಡು ತಪ್ಪಿದಂತೆ. ಹೀಗಾಗಿ ಕಣ್ಣಿಗೆ ಕಾಣದ ಈ ಮೈದಾನದಲ್ಲೂ ನೆಲದ ಏರುತಗ್ಗು ಲೆಕ್ಕಕ್ಕೆ ಬರುತ್ತದೆ.

ಆಟ ಯಾವುದೆಂದು ಪಾಲಕರಿಗೆ ಬೇರೆ ಹೇಳಬೇಕಾಗಿಲ್ಲ. ಕೊರಿಯಾದ ಕ್ರಾಫ್ಟನ್ ಕಂಪನಿಯ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಹುಡುಗರ ಬಾಯಲ್ಲಿ ಬಿಜಿಎಂಐ. ಪಬ್‌ಜಿ ಮೊಬೈಲ್ ಅನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ಇತರ ಅನೇಕ ಆಪ್‌ಗಳ ಜತೆ ನಿಷೇಧಿಸಿದ ಮೇಲೆ, 2021ರ ಜುಲೈನಲ್ಲಿ ಇದು ಭಾರತಕ್ಕೆಂದೇ ಬೇರೆ ರೂಪದಲ್ಲಿ ಬಂತು.

ಪಂದ್ಯದ ಏರ್ಪಾಟು

ಆಟವಾಡುವುದು ಬೇರೆ, ಪಂದ್ಯ ಆಡುವುದು ಬೇರೆ. ಮರದ ಕೆಳಗಿನ ಹುಡುಗರು ಆ ದಿನ ಆಡುತ್ತಿದ್ದುದು ಪಂದ್ಯದ ತಾಲೀಮು. ಅದರ ಏರ್ಪಾಟು ವಿದ್ಯಾರ್ಥಿಗಳು ಗಣಿತದ ಕಣ್ಣಿನಿಂದ ನೋಡಬೇಕಾದಷ್ಟು ಸ್ವಾರಸ್ಯವಾಗಿದೆ.

ನಮ್ಮ ಹಳ್ಳಿಗಳ ಕಬಡ್ಡಿ ಪಂದ್ಯಾವಳಿ ಸಾಮಾನ್ಯವಾಗಿ ನಾಕೌಟ್ ಪದ್ಧತಿಯದು. ಸೋತವರು ಮನೆಗೆ. ಹದಿನಾರು ತಂಡ ಬಂದರೆ 15 ಪಂದ್ಯಗಳಲ್ಲಿ ವಿಜೇತರು ಸಿಕ್ಕಿಬಿಡುತ್ತಾರೆ, ಯಾಕೆಂದರೆ ಪ್ರತಿ ಪಂದ್ಯಕ್ಕೂ ಒಂದು ತಂಡ ಹೊರಬೀಳಬೇಕು. ಒಂದೇ ರಾತ್ರಿ ಲೈಟು ಕಟ್ಟಿ ಮುಗಿಸಬಹುದು. ಆದರೆ ಒಳ್ಳೆಯ ತಂಡವೂ ಒಂದು ಕೆಟ್ಟ ಗಳಿಗೆಯಲ್ಲಿ ಹೊರಗೆ ಹೋಗುತ್ತದೆ. ಇದಕ್ಕೆ ಪರಿಹಾರ ಲೀಗ್ ಪದ್ಧತಿ, ಅಂದರೆ ಎಲ್ಲರೂ ಎಲ್ಲರೊಂದಿಗೂ ಆಡುವುದು. ಆದರೆ ಅದೇ ಹದಿನಾರು ತಂಡಗಳಿಗೆ ಆಗ 120 ಪಂದ್ಯ ಬೇಕು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದಾಗ ಬೆಂಗಳೂರು ಬುಲ್ಸ್ ಸೇರಿ ಎಂಟು ತಂಡಗಳಿದ್ದವು. ಪ್ರತಿ ತಂಡವೂ ಉಳಿದ ಏಳರೊಂದಿಗೆ ಎರಡೆರಡು ಸಲ ಆಡಿದ್ದರಿಂದ ಲೀಗ್ ಹಂತಕ್ಕೇ 56 ಪಂದ್ಯಗಳಾದವು.

ಬಿಜಿಎಂಐ ಬಗೆಯ ಆಟ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದೆ. ಇಲ್ಲಿ ಹದಿನಾರು ತಂಡಗಳೂ ಒಂದೇ ಪಂದ್ಯದಲ್ಲಿ ಒಟ್ಟಿಗೇ ಇಳಿಯುತ್ತವೆ. ತಂಡಕ್ಕೆ ನಾಲ್ವರಂತೆ 64 ಆಟಗಾರರು. ಒಂದು ದೊಡ್ಡ ನಕಾಶೆಯ ಮೇಲೆ ಎಲ್ಲರೂ ಚದುರುತ್ತಾರೆ. ಸುರಕ್ಷಿತ ಜಾಗದ ವರ್ತುಲ ಹೊತ್ತು ಕಳೆದಂತೆ ಕಿರಿದಾಗುತ್ತಾ ಹೋಗುತ್ತದೆ. ಅದರ ಹೊರಗೆ ಉಳಿದವರು ಉಳಿಯಲಾರರು, ಒಳಗೆ ಬಂದವರಿಗೆ ಎದುರಾಳಿ ತಪ್ಪಿದ್ದಲ್ಲ. ಸುಮಾರು ಅರ್ಧ ಗಂಟೆಯಲ್ಲಿ ಒಂದೇ ತಂಡ ಉಳಿಯುತ್ತದೆ.

ಅಂಕ ಹಂಚುವ ಕ್ರಮ ಹೀಗೆ. ಕೊನೆಯವರೆಗೆ ಉಳಿದ ತಂಡಕ್ಕೆ 10. ಎರಡನೆಯದಕ್ಕೆ 6, ಮೂರನೆಯದಕ್ಕೆ 5, ನಾಲ್ಕನೆಯದಕ್ಕೆ 4, ಐದನೆಯದಕ್ಕೆ 3, ಆರನೆಯದಕ್ಕೆ 2, ಏಳು ಮತ್ತು ಎಂಟನೆಯದಕ್ಕೆ ಒಂದೊಂದು. ಉಳಿದ ಎಂಟು ತಂಡಗಳಿಗೆ ಸೊನ್ನೆ. ಇದರ ಮೇಲೆ, ಎದುರಾಳಿಯೊಬ್ಬನನ್ನು ಹೊರಹಾಕಿದ್ದಕ್ಕೆ ಒಂದೊಂದು ಅಂಕ. ಹೀಗೆ ದಿನಕ್ಕೆ ಹಲವು ಪಂದ್ಯ ನಡೆಸಿ ಎಲ್ಲ ಅಂಕಗಳನ್ನೂ ಕೂಡಿಸುತ್ತಾರೆ.

ಒಂದು ಲೆಕ್ಕ ಹಾಕಿ ನೋಡಿ. ದಿನಕ್ಕೆ ಆರು ಪಂದ್ಯ ಎಂದುಕೊಳ್ಳೋಣ. ಒಂದು ತಂಡ ಮೊದಲ ಪಂದ್ಯವನ್ನು ಅಬ್ಬರದಿಂದ ಗೆದ್ದು ಏಳು ಜನರನ್ನು ಹೊರಹಾಕಿತು, 17 ಅಂಕ. ಮುಂದಿನ ಐದರಲ್ಲಿ ಬೇಗನೆ ಸೋತು ಹೋಗಿ, ಎಲ್ಲ ಸೇರಿ ಇಬ್ಬರನ್ನು ಮಾತ್ರ ಹೊರಹಾಕಿತು. ಒಟ್ಟು 19. ಇನ್ನೊಂದು ತಂಡ ಒಂದೂ ಪಂದ್ಯ ಗೆಲ್ಲಲಿಲ್ಲ. ಆದರೆ ಆರರಲ್ಲೂ ನಾಲ್ಕನೆಯ ಸ್ಥಾನ, ಪ್ರತಿ ಸಲ ಇಬ್ಬರಂತೆ ಹೊರಹಾಕಿದ್ದು. ಸ್ಥಾನಕ್ಕೆ 24, ಮೇಲೆ 12, ಒಟ್ಟು 36. ಒಮ್ಮೆಯೂ ಗೆಲ್ಲದ ತಂಡ ಗೆದ್ದ ತಂಡಕ್ಕಿಂತ ಎಷ್ಟೋ ಮುಂದೆ! ಪರೀಕ್ಷೆಯಲ್ಲಿ ಒಂದು ವಿಷಯಕ್ಕೆ ನೂರು ತೆಗೆದು ಉಳಿದದ್ದರಲ್ಲಿ ನಪಾಸಾಗುವುದಕ್ಕಿಂತ ಎಲ್ಲದರಲ್ಲೂ ಸಮನಾಗಿ ತೆಗೆಯುವುದು ಲೇಸೆಂದು ಮೇಷ್ಟ್ರು ಹೇಳುವುದಿಲ್ಲವೇ, ಇದು ಅದೇ ಮಾತು.

ಜರಡಿಯ ಮೇಲೆ ಜರಡಿ

ಈ ಆಟದ ಮೊದಲ ರಾಷ್ಟ್ರಮಟ್ಟದ ಸರಣಿ 2021ರಲ್ಲಿ ಆರಂಭವಾಯಿತು. ದೇಶದ ಯಾವ ಮೂಲೆಯವರೂ ನಾಲ್ವರ ತಂಡ ಕಟ್ಟಿ ಹೆಸರು ಕೊಡಬಹುದಾಗಿತ್ತು. 16 ವರ್ಷ ತುಂಬಿರಬೇಕು. 18 ಆಗದವರಿಗೆ ಪಾಲಕರ ಒಪ್ಪಿಗೆ ಬೇಕು. ಹೆಸರು ಕೊಟ್ಟವರೆಲ್ಲ ಮೊದಲು ತಮ್ಮ ಮೊಬೈಲಿನಲ್ಲೇ ಗೊತ್ತುಪಡಿಸಿದಷ್ಟು ಪಂದ್ಯ ಆಡಿದರು. ಅದರಲ್ಲಿ ಮುಂದೆ ನಿಂತ 1024 ತಂಡಗಳು ಮುಂದಿನ ಸುತ್ತಿಗೆ. ಅಲ್ಲಿಂದ ಸುತ್ತಿನ ಮೇಲೆ ಸುತ್ತು ಸೋಸಿ ಕೊನೆಗೆ 16 ತಂಡ. 2022ರ ಜನವರಿಯಲ್ಲಿ ಮುಗಿದ ಆ ಸರಣಿಯನ್ನು ಸ್ಕೈಲೈಟ್ಜ್ ಗೇಮಿಂಗ್ ತಂಡ ಗೆದ್ದಿತು. ಒಟ್ಟು ಬಹುಮಾನದ ಮೊತ್ತ ಒಂದು ಕೋಟಿ.

ಅದೇ 2022ರ ಜೂನ್-ಜುಲೈನಲ್ಲಿ ದಿಲ್ಲಿಯಲ್ಲಿ 24 ತಂಡಗಳ ಮಾಸ್ಟರ್ಸ್ ಸರಣಿ ನಡೆಯಿತು. ಕ್ರಿಕೆಟ್, ಕಬಡ್ಡಿಯಂತೆ ಇದನ್ನೂ ಸ್ಟಾರ್ ಸ್ಪೋರ್ಟ್ಸ್ ವಾಹಿನಿ ಟಿವಿಯಲ್ಲಿ ತೋರಿಸಿತು. ಸಂಬಳ ಪಡೆಯುವ ಆಟಗಾರರು, ತರಬೇತುದಾರರು, ವೀಕ್ಷಕ ವಿವರಣೆಕಾರರು, ಪ್ರಾಯೋಜಕರು, ಹೀಗೆ ವೃತ್ತಿಪರ ಲೀಗಿಗೆ ಬೇಕಾದದ್ದೆಲ್ಲ ಅಲ್ಲಿತ್ತು. 2024ರ ಜೂನ್ ಕೊನೆಯಲ್ಲಿ ಹೈದರಾಬಾದಿನಲ್ಲಿ ನಡೆದ ರಾಷ್ಟ್ರೀಯ ಸರಣಿಯ ಅಂತಿಮ ಸುತ್ತಿನ ಹೊತ್ತಿಗೆ ಬಹುಮಾನದ ಮೊತ್ತ ಎರಡು ಕೋಟಿಗೆ ಏರಿತ್ತು. ಗೆದ್ದವರು ಟೀಮ್ ಎಕ್ಸ್‌ಸ್ಪಾರ್ಕ್.

ಕೋಟಿಯ ಮಾತು ಕೇಳಿದೊಡನೆ ಕಣ್ಣರಳಿಸುವ ಮೊದಲು ಜರಡಿಯ ಲೆಕ್ಕವನ್ನೂ ನೋಡಬೇಕು. 1024ರಲ್ಲಿ 16 ಎಂದರೆ 64 ತಂಡಕ್ಕೊಂದು. ಅದೂ ಮೊದಲ ಜರಡಿ ದಾಟಿದವರಲ್ಲಿ. ಜರಡಿಯ ಕೆಳಗೆ ಉದುರಿದವರ ಹೆಸರು ಯಾರಿಗೂ ತಿಳಿಯುವುದಿಲ್ಲ. ಐರಣಿಯ ಹುಡುಗರು ಅಂಥವರಲ್ಲಿ ಸೇರಿದವರು. ಹೋದ ಸಲ ಮೊದಲ ಸುತ್ತಿನಲ್ಲೇ ನಿಂತರಂತೆ. ಅದನ್ನು ಹೇಳುವಾಗ ನಾಯಕನ ಮುಖದಲ್ಲಿ ಸೋಲಿನ ಕಳೆಯೇನೂ ಇರಲಿಲ್ಲ. "ಈ ಸಲ ಪಿಯುಸಿ ಪರೀಕ್ಷಾ ಮುಗುದ ಮ್ಯಾಲೆ ನೋಡ್ರಿ" ಎಂದ. ಪಕ್ಕದವನು, "ಪರೀಕ್ಷಾ ಇವನ್ನ ನೋಡ್ಬೇಕಲ್ರಿ ಮೊದಲ" ಎಂದು ನಗಿಸಿದ.

ಹೋರಿಯ ಅಖಾಡ, ಹುಡುಗರ ಅಖಾಡ

ಪಂದ್ಯದ ಹುಚ್ಚು ಈ ಸೀಮೆಗೆ ಮೊಬೈಲಿನ ಜತೆ ಬಂದದ್ದಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾನಗಲ್ಲುಗಳಲ್ಲಿ ದೀಪಾವಳಿ ಬಂತೆಂದರೆ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು, ಮೈಮೇಲೆ ಜರತಾರಿ ಜೂಲು ಹೊದಿಸಿ ಹೋರಿಯನ್ನು ಜನರ ಸಾಲಿನ ನಡುವೆ ಓಡಿಸುತ್ತಾರೆ. ಮೇಲೆ ಬಿದ್ದು ಕೊಬ್ಬರಿ ಹರಿಯಬಲ್ಲವನು ಗಟ್ಟಿಗ. ಹರಿಯಗೊಡದೆ ದಾಟಿ ಹೋದ ಹೋರಿ ವೀರ. ಹೋರಿಗಳಿಗೆ ಸಿನಿಮಾ ನಟರಂತೆ ಹೆಸರು, ಅಭಿಮಾನಿಗಳು, ಊರೂರಿನ ಗೋಡೆಗಳಲ್ಲಿ ಪೋಸ್ಟರು. ಬಹುಮಾನಕ್ಕೆ ಬಂಗಾರ, ಬೈಕು. ಈಗ ಅದರ ವಿಡಿಯೊಗಳೂ ಮೊಬೈಲಿನಲ್ಲೇ ಓಡುತ್ತವೆ.

ಆ ಹಬ್ಬದಲ್ಲಿ ಜೀವ ಕಳೆದುಕೊಂಡವರುಂಟು, ಕೈಕಾಲು ಮುರಿದುಕೊಂಡವರುಂಟು. ಪ್ರಾಣಿಗಳ ಹಿಂಸೆಯ ಪ್ರಶ್ನೆಯೂ ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನಂಥ ಆಟಗಳನ್ನು ತಡೆದಾಗ ಎಲ್ಲೆಡೆ ಕಳವಳವಾಯಿತು. 2017ರಲ್ಲಿ ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಹೋರಿ ಓಟಕ್ಕೂ ಷರತ್ತಿನ ಮೇಲೆ ಅವಕಾಶ ಮಾಡಿತು. 2023ರ ಮೇ 18ರಂದು ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಮೊಬೈಲಿನ ಅಖಾಡದ ಕತೆಯೂ ಇದೇ ಜಾಡಿನದು. ಟಿವಿಯಲ್ಲಿ ಮಾಸ್ಟರ್ಸ್ ಸರಣಿ ಮುಗಿದು ಎರಡು ವಾರವಾಗುವುದರೊಳಗೆ, 2022ರ ಜುಲೈ 28ರಂದು, ಸರ್ಕಾರದ ಆದೇಶದಂತೆ ಬಿಜಿಎಂಐ ಆಪ್ ಅಂಗಡಿಗಳಿಂದ ಮಾಯವಾಯಿತು. ಅದನ್ನೇ ನಂಬಿ ಓದು, ಕೆಲಸ ಬಿಟ್ಟು ತಂಡ ಸೇರಿದ್ದ ಹುಡುಗರ ಗತಿ ಏನಾಗಿರಬೇಡ! ಹತ್ತು ತಿಂಗಳ ಮೇಲೆ, 2023ರ ಮೇ ಕೊನೆಯಲ್ಲಿ, ಮೊದಲು ಮೂರು ತಿಂಗಳ ಪರೀಕ್ಷೆಯ ಕರಾರಿನ ಮೇಲೆ ಆಟ ಮರಳಿತು. ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಎಂಬ ಮಿತಿ ಹಾಕಿಕೊಂಡು ಬಂತು. ಕಬಡ್ಡಿ ಅಂಕಣವನ್ನು ಯಾರೂ ಒಂದು ರಾತ್ರಿಯಲ್ಲಿ ಮುಚ್ಚಲಾರರು. ಈ ಮೈದಾನಕ್ಕೆ ಒಡೆಯನೊಬ್ಬನಿದ್ದಾನೆ, ಬಾಗಿಲಿನ ಕೀಲಿ ಬೇರೆಯವರ ಕೈಯಲ್ಲಿದೆ. ಇದನ್ನೇ ಬದುಕಿನ ದಾರಿಯೆಂದು ಹಿಡಿಯುವ ಹುಡುಗರು ಈ ಮಾತನ್ನು ಮರೆಯಬಾರದು.

ಆಟ ಯಾವುದು, ಜೂಜು ಯಾವುದು

ಪಾಲಕರಲ್ಲಿ ಅನೇಕರಿಗೆ ಮೊಬೈಲಿನ ಆಟಗಳೆಲ್ಲ ಒಂದೇ. ಕಾಯ್ದೆಯ ಕಣ್ಣಿಗೆ ಹಾಗಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಹಲವು ಆಟಗಳ ಕೂಟದ ಭಾಗವೆಂದು ಒಪ್ಪಿ ಕ್ರೀಡಾ ಇಲಾಖೆಯ ವ್ಯಾಪ್ತಿಗೆ ತಂದಿತು. ಅದಕ್ಕೂ ಮೊದಲೇ, 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇದು ಪ್ರದರ್ಶನ ಕ್ರೀಡೆಯಾಗಿದ್ದಾಗ ಗುಜರಾತಿನ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್ ಆಟದಲ್ಲಿ ಕಂಚು ತಂದಿದ್ದರು. 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಅದು ಪದಕದ ಕ್ರೀಡೆಯೇ ಆಯಿತು.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಈ ಕಾಯ್ದೆ ಹಣ ಹೂಡಿ ಹಣ ಗೆಲ್ಲುವ ಆಟಗಳನ್ನು ಒಂದು ಕಡೆಗೂ ಇ-ಸ್ಪೋರ್ಟ್ಸನ್ನು ಇನ್ನೊಂದು ಕಡೆಗೂ ಇಡುತ್ತದೆ. ಮೊದಲನೆಯದಕ್ಕೆ ನಿಷೇಧ, ಎರಡನೆಯದಕ್ಕೆ ಮನ್ನಣೆ. ಸ್ಪರ್ಧೆಗೆ ಸೇರುವ ಶುಲ್ಕವಿರಬಹುದು, ಆಡಿದ ಆಟಕ್ಕೆ ಬಹುಮಾನವಿರಬಹುದು, ಪಣ ಮಾತ್ರ ಕೂಡದು. ಮಗ ಮೊಬೈಲ್ ಹಿಡಿದು ಕುಳಿತಾಗ ತಂದೆತಾಯಿ ಮೊದಲು ಕೇಳಬೇಕಾದದ್ದು ಇದನ್ನೇ: ಅವನು ಆಡುತ್ತಿರುವುದು ಪಂದ್ಯವೋ, ಪಣವೋ? ಎರಡನೆಯದಾದರೆ ಮನೆಯ ಹೊಲಕ್ಕೂ ಕುತ್ತು.

"ಇದರಾಗ ಅನ್ನ ಐತೇನ್ರಿ?"

ನಾಯಕ ಹುಡುಗ ಚಹಾ ಕುಡಿಯಲು ಮನೆಗೆ ಕರೆದೊಯ್ದ. ಅವನ ತಾಯಿ ಬೀಜದ ಹೊಲದ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದರು. ಹೊರಸಿನ ಮೇಲೆ ಕೂಡ್ರಿಸಿ, ಚಹಾ ಕೊಟ್ಟು, ಮಗ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದರು: "ನೀವು ಓದಿದಾವ್ರು ಅದೀರಿ ಅಣ್ಣಾರ, ಖರೇ ಹೇಳ್ರಿ. ಇದರಾಗ ಅನ್ನ ಐತೇನ್ರಿ?"

ಉತ್ತರ ಸುಲಭವಲ್ಲ. ಅನ್ನ ಇದೆ, ಕೆಲವರಿಗೆ. ಅಂತಿಮ ಸುತ್ತಿನ ವೇದಿಕೆಯ ಮೇಲೆ ಕುಳಿತುಕೊಳ್ಳುವುದು 64 ಮಂದಿ. ಆದರೆ ಆ ವೇದಿಕೆಯನ್ನು ನಿಲ್ಲಿಸಲು ಕ್ಯಾಮೆರಾದವರು, ನೆಟ್‌ವರ್ಕ್ ನೋಡುವವರು, ಸಾಫ್ಟ್‌ವೇರ್ ಬರೆಯುವವರು, ಚಿತ್ರ ಬಿಡಿಸುವವರು, ಅಂಕಗಳ ಲೆಕ್ಕ ಇಡುವವರು, ಮಾತುಗಾರರು ಬೇಕು. ಆ ಅನ್ನಕ್ಕೆ ಓದಿನ ದಾರಿ ಬೇಕೇ ಬೇಕು. ಹುಡುಗ ಪಿಯುಸಿ ಮುಗಿಸಲಿ, ಮುಂದಕ್ಕೂ ಓದಲಿ, ಆಟಕ್ಕೆ ದಿನದ ಹೊತ್ತು ಗೊತ್ತುಮಾಡಿಕೊಳ್ಳಲಿ, ನಿದ್ದೆಯ ಹೊತ್ತನ್ನು ಮಾತ್ರ ಮುಟ್ಟದಿರಲಿ ಎಂದೆ. ಎರಡು ವರ್ಷ ಆಡಿಯೂ ಮೊದಲ ಜರಡಿ ದಾಟದಿದ್ದರೆ ಅದನ್ನು ಸಂಜೆಯ ಆಟವಾಗಿ ಇಟ್ಟುಕೊಳ್ಳಲಿ ಎಂದೂ ಹೇಳಿದೆ. "ಬೈದ್ರ ಕೇಳಂಗಿಲ್ರಿ" ಎಂದರು. "ಬೈಬ್ಯಾಡ್ರಿ, ಒಮ್ಮೆ ಪಕ್ಕದಾಗ ಕುಂತು ನೋಡ್ರಿ, ಎಷ್ಟು ಅಂಕ ಬಂತು ಅಂತ ಕೇಳ್ರಿ" ಎಂದೆ. ಅವರು ನಕ್ಕರು. "ಹೂವಿಗೆ ಪರಾಗ ಮುಟ್ಟಸೂದು ಬೇಕಾದ್ರ ಅವಂಗ ನಾ ಕಲಸ್ತೀನಿ. ಇದನ್ನ ಅವನ ನನಗ ಕಲಸ್ಬೇಕು" ಎಂದರು. ತಾಯಿಯ ಕೈಯಲ್ಲೂ ಮಗನ ಕೈಯಲ್ಲೂ ಇರುವುದು ಬೆರಳಿನ ವಿದ್ಯೆಯೇ. ಒಂದಕ್ಕೆ ದಿನದ ಕೂಲಿ ಖಚಿತ, ಇನ್ನೊಂದಕ್ಕೆ ಅಂಕ ಮಾತ್ರ. ಆ ಅಂತರ ಅವರಿಬ್ಬರಿಗೂ ತಿಳಿದಿದೆ.

ಹೋಗುವವರಿಗೆ

ರಾಣೆಬೆನ್ನೂರು ಬೆಂಗಳೂರು-ಹುಬ್ಬಳ್ಳಿ ರೈಲುಮಾರ್ಗದಲ್ಲೂ ರಾಷ್ಟ್ರೀಯ ಹೆದ್ದಾರಿಯಲ್ಲೂ ಇರುವ ಊರು. ಐರಣಿಗೆ ಅಲ್ಲಿಂದ ಹೋಗಬಹುದು. ಒಂದು ದಿನ ಹೆಚ್ಚು ಇದ್ದರೆ ಅದೇ ತಾಲ್ಲೂಕಿನ ಚೌಡದಾನಪುರದಲ್ಲಿ ತುಂಗಭದ್ರೆಯ ದಂಡೆಯ ಮುಕ್ತೇಶ್ವರ ದೇವಾಲಯವನ್ನು ನೋಡಬೇಕು. ಅದು ಅಂಬಿಗರ ಚೌಡಯ್ಯನ ನೆನಪಿನ ನೆಲ. ರಾಣೆಬೆನ್ನೂರಿನ ಬಳಿಯ ಕೃಷ್ಣಮೃಗಗಳ ಅಭಯಾರಣ್ಯ 1974ರಿಂದ ಇದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಮಾರುಕಟ್ಟೆ, ಆ ತಾಲ್ಲೂಕಿನ ಕಾಗಿನೆಲೆಯಲ್ಲಿ ಕನಕದಾಸರ ಸ್ಥಳ. ದೀಪಾವಳಿಯ ನಂತರ ಹೋದರೆ ಹೋರಿ ಹಬ್ಬವೂ ಸಿಕ್ಕೀತು, ಆದರೆ ಮಕ್ಕಳನ್ನು ಕಟ್ಟೆಯ ಮೇಲೆ ದೂರ ನಿಲ್ಲಿಸಿಯೇ ತೋರಿಸಬೇಕು. ಐರಣಿಯಲ್ಲಿ ಹೊಳೆಗೆ ಇಳಿಯುವವರು ಮಳೆಗಾಲದಲ್ಲಿ ಊರವರ ಮಾತು ಕೇಳಿ ಇಳಿಯಲಿ. ಬೇವಿನ ಮರದ ಕೆಳಗೆ ಹುಡುಗರು ಕಂಡರೆ ಆಟ ಮುಗಿಯುವವರೆಗೆ ಮಾತಾಡಿಸದೆ ನಿಂತಿರಿ. ಅರ್ಧ ಗಂಟೆಯ ಮಾತಷ್ಟೇ.